ತಿಂದು ನೋಡದ ಭರ್ತಕ್ಕ ಬರೆದ ಉಪ್ಪು

ಫುಡ್ ಬ್ಲಾಗ್ ಶುರು ಮಾಡಬೇಕಂತೀನಿ, ಮೊದಲ ಏನೇನು ವಿಚಾರ ಮಾಡಬೇಕು ಹೇಳ್ರಿ ಅಂತ ಕೇಳೋರು ನನಗ ಈಗ ಭಾಳ ಮಂದಿ ಸಿಗ್ತಾರ. ಲಗ್ನದ ಮನಿ, ಕನ್ನಡ ಸಂಘದ ಅರಿಷಿಣ-ಕುಂಕುಮ, ಸೊಸೈಟಿ ಲಿಫ್ಟು, ಎಲ್ಲೆ ಬೇಕಾದಲ್ಲೆ ಹಿಡದು ಕೇಳ್ತಾರ. ಏನು ಕೇಳ್ತಾರಂದ್ರ, ಯಾವ ಫೋನಿನ ಕ್ಯಾಮೆರಾ ಛಲೋ, ಪ್ಲೇಟು ಕರೀದಿರಬೇಕೋ ಬಿಳೇದಿರಬೇಕೋ, ಬ್ಲಾಗಿಗೆ ಹೆಸರು ಏನಿಡಬೇಕು. ಅದಕ್ಕೆಲ್ಲಾ ಯಾರರೆ ಉತ್ತರ ಕೊಡ್ತಾರ ಬಿಡ್ರಿ. ನಾ ಮಾತ್ರ ತಿರುಗಿ ಎರಡು ಪ್ರಶ್ನಿ ಕೇಳ್ತೀನಿ. ಬಾಗಲದ ಕೀಲಿ ಯಾರ ಕೈಯಾಗ ಇರ್ತದ? ಬರದದ್ದನ್ನ ನೀವು ತಿಂದು ನೋಡ್ತೀರೇನು? ಕೇಳಿದವರು ನಗ್ತಾರ. ಇಷ್ಟ ಏನ್ರಿ ಅಂತಾರ. ಆ ನಗಿ ನೋಡಿದ ಕೂಡ್ಲೆ ನನಗ ಹೋದ ವರ್ಷದ ಚಂಪಾಷಷ್ಠಿ ನೆನಪಾಗಿ ಮೈ ಉರೀತದ.

ಬ್ಲಾಗು ಮೊದಲ ನಂದ ಇತ್ತು. ಸಣ್ಣದು. ನಮ್ಮ ಬೆಳಗಾವಿ ಕಡಿ ಅಡಗಿ ಕನ್ನಡದೊಳಗ ಬರೀತಿದ್ದೆ, ಓದೋರು ನಮ್ಮಂಥವರ. ಪುಣೆ, ಸೋಲಾಪುರ, ಸಾಂಗಲಿ ಕಡಿ ಲಗ್ನಾಗಿ ಬಂದು, ಹೊರಗೆಲ್ಲಾ ಮರಾಠಿ ಮಾತಾಡಿ, ಅಡಗಿಮನಿಯೊಳಗ ಮಾತ್ರ ತವರುಮನಿ ನೆನಪು ಮಾಡ್ಕೊಳ್ಳೋ ಹೆಣ್ಣುಮಕ್ಕಳು. ಹಿಂಗ ನಡದಿತ್ತು. ಅಷ್ಟರಾಗ ಇಲ್ಲೆ ಪುಣೆಯ ನಮ್ಮ ಹಡಪಸರದೊಳಗಿಂದ ಒಂದು ಡಿಜಿಟಲ್ ಕಂಪನಿಯವರ ಫೋನ್ ಬಂತು. ಮಾತಾಡಿದಾತ ಬೆಂಗಳೂರಿನವ, ಮ್ಯಾನೇಜರ್. "ಮ್ಯಾಮ್, ನಿಮ್ಮ ಕಂಟೆಂಟ್ ತುಂಬಾ ಆಥೆಂಟಿಕ್ ಆಗಿದೆ. ನೀವು ಬರೀರಿ ಸಾಕು, ಉಳಿದಿದ್ದೆಲ್ಲಾ ನಾವು ನೋಡ್ಕೋತೀವಿ" ಅಂದ. ಪರದೇಶದೊಳಗ ಕನ್ನಡದಾಗ ಮ್ಯಾಮ್ ಅಂದನಲ್ಲಾ, ನಾ ಕರಗಿ ನೀರಾದೆ.

ಅವರು ಹೊಸಾ ಸೈಟು ಮಾಡಿದ್ರು, ಛಂದ ಮಾಡಿದ್ರು, ಸುಳ್ಳು ಹೇಳಂಗಿಲ್ಲ. ನನ್ನ ಹಳೇ ಬರಹ ಎಲ್ಲಾ ಅದರೊಳಗ ಹಾಕಿದ್ರು. ಆದ್ರ ಸೈಟಿನ ಹೆಸರು ತಗೊಂಡದ್ದು ಅವರ ಕಂಪನಿ ಹೆಸರಿನ ಮ್ಯಾಲ, ಪಾಸ್‌ವರ್ಡ್ ಅವರ ಹತ್ರ. ನಾ ಬರದು ಕಳಸೂದು, ಅವರು ಪ್ರಕಟ ಮಾಡೂದು. ಒಮ್ಮೆ ಪ್ರಕಟಾದ ಮ್ಯಾಲ ಒಂದು ಅಕ್ಷರ ತಿದ್ದಬೇಕಂದ್ರೂ ಆ ಮ್ಯಾನೇಜರಗ ಕೇಳಬೇಕು. ಓದಿದವರು ಕಮೆಂಟ್ ಹಾಕಿದ್ರ ಅದರ ಒಂದು ಪ್ರತಿ ನನಗ ಇಮೇಲಿನೊಳಗ ಬರ್ತಿತ್ತು, ಸೈಟಿನ ಮ್ಯಾಲ ಕಾಣಬೇಕಂದ್ರ ಅವರು ಪಾಸ್ ಮಾಡಬೇಕು. ಒಲಿ ನಂದು, ಅಡಗಿ ನಂದು, ಕೈ ಸುಟ್ಟುಕೊಳ್ಳೂದು ನಾನು, ಬಾಗಲದ ಕೀಲಿ ಮಾತ್ರ ಅವರದು. ಆವಾಗ ನನಗ ಅದು ಅನುಕೂಲ ಅನಿಸಿತ್ತು, ನೋಡ್ರಿ.

ಗಣಪತಿ ಹಬ್ಬ ಮುಗದಿತ್ತು. ಮ್ಯಾನೇಜರ್ ಫೋನ್ ಮಾಡಿದ. ಒಂದು ಮಸಾಲಿ ಕಂಪನಿ ಸಿಕ್ಕದ, ಅವರ ಉಳ್ಳಾಗಡ್ಡಿ-ಬಳ್ಳೊಳ್ಳಿ ಮಸಾಲಿ ಹಾಕಿ ಚಂಪಾಷಷ್ಠಿಗೆ ಬದನಿಕಾಯಿ ಭರ್ತ ಮಾಡಿ ತೋರಿಸಬೇಕು ಅಂದ.

ಚಂಪಾಷಷ್ಠಿ ಗೊತ್ತಿಲ್ಲದವರಿಗೆ ಹೇಳ್ತೀನಿ. ನಮ್ಮ ಮನಿದೇವ್ರು ಮಲ್ಲಯ್ಯ. ಪುಣೆ ಮಂದಿ ಖಂಡೋಬಾ ಅಂತಾರ, ಜೇಜುರಿ ಗುಡ್ಡದ ಮ್ಯಾಲ ಇದ್ದಾನ. ಆಷಾಢ ಏಕಾದಶಿ ಬಂತಂದ್ರ ನಮ್ಮನಿಯೊಳಗ ಬದನಿಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಮೂರೂ ಬಂದ್. ಮಳಿಗಾಲ ಹೋಗಿ, ದೀಪಾವಳಿ ಹೋಗಿ, ಥಂಡಿ ಬಿದ್ದ ಮ್ಯಾಲ ಚಂಪಾಷಷ್ಠಿ ಬರ್ತದ. ಅವತ್ತು ಸುಟ್ಟ ಬದನಿಕಾಯಿ ಭರ್ತ, ಸಜ್ಜಿ ರೊಟ್ಟಿ, ಉಳ್ಳಾಗಡ್ಡಿ ತಪ್ಪಲ ದೇವರಿಗೆ ನೈವೇದ್ಯ ತೋರಿಸಿ, ಆಮ್ಯಾಲ ನಾವು ಬಾಯಿಗೆ ಹಚ್ಚೂದು. ನೈವೇದ್ಯದ ಅಡಗಿ ಮಾಡುವಾಗ ಯಾರೂ ರುಚಿ ನೋಡಂಗಿಲ್ಲ. ಉಪ್ಪು ಹೆಚ್ಚಾತೋ ಕಡಿಮಾತೋ, ದೇವರು ಉಂಡ ಮ್ಯಾಲ ಪಂಕ್ತಿಗೆ ಕೂತವರ ಮಾರಿ ನೋಡೇ ತಿಳೀಬೇಕು.

"ಹಬ್ಬದ ದಿನ ಮಾಡಿ ಫೋಟೋ ತಗದು ಅವತ್ತ ಹಾಕೋಣಲ್ಲಾ" ಅಂದೆ ನಾನು.

"ಅಯ್ಯೋ ಇಲ್ಲ ಮ್ಯಾಮ್. ಹಬ್ಬದ ದಿನ ಹಾಕಿದ್ರೆ ಯಾರು ನೋಡ್ತಾರೆ? ಒಂದು ತಿಂಗಳು ಮುಂಚೇನೇ ಲೈವ್ ಆಗ್ಬೇಕು. ಸರ್ಚಲ್ಲಿ ಮೇಲೆ ಬರೋಕೆ ಟೈಮ್ ಬೇಕಲ್ವಾ?"

ಅಂದ್ರ ನಾವು ಬದನಿಕಾಯಿ ಮುಟ್ಟದ ದಿನದಾಗ ಬದನಿಕಾಯಿ ಸುಡಬೇಕು. ಇದನ್ನ ಅವನಿಗೆ ಹೇಳಿದೆ. "ಸೂಪರ್ ಮ್ಯಾಮ್, ಈ ಸ್ಟೋರಿನೇ ಇಂಟ್ರೋದಲ್ಲಿ ಹಾಕಿ" ಅಂದ. ಹೂಂ ಅಂದು ಫೋನ್ ಇಟ್ಟೆ.

ನಮ್ಮ ಅತ್ತಿಯವರ ಮುಂದ ವಿಷಯ ತಗದೆ. ಅವರು ಬೈತಾರಂತ ತಿಳಕೊಂಡಿದ್ದೆ, ಬೈಲಿಲ್ಲ. "ಭರ್ತಕ್ಕ ಮಸಾಲಿ ಯಾಕ ಹಾಕ್ತಾರವಾ? ಹಸಿಮೆಣಸಿನಕಾಯಿ ಸತ್ತು ಹೋಗ್ಯಾವೇನು?" ಅಂತ ಕೇಳಿದ್ರು. ಆಮ್ಯಾಲ, "ನಮ್ಮ ಒಲಿ ಮ್ಯಾಲ ಬ್ಯಾಡ. ಎದುರುಮನಿಯೊಳಗ ಮಾಡ್ಕೋ. ಆದ್ರ ನಾಲಿಗಿಗೆ ಹಚ್ಚಬ್ಯಾಡ" ಅಂದ್ರು. ನಾನೂ ಹಚ್ಚೋಳಲ್ಲ. ಲಗ್ನಾಗಿ ಬಂದ ವರ್ಷದಿಂದ ಹಿಡಕೊಂಡು ಬಂದದ್ದು, ಒಂದು ಮಸಾಲಿ ಪಾಕೀಟಿಗಾಗಿ ಬಿಡ್ತೀನೇನು?

ಎದುರುಮನಿ ಕಾಕೂ ಮರಾಠಿಯವರು, ಒಬ್ಬರ ಇರ್ತಾರ, ಅಡಗಿಮನಿ ಬಿಟ್ಟುಕೊಟ್ರು. ಭರ್ತದ ಫೋಟೋ ತಗಿಯೂದು ಅಂದ್ರ ಒಂದು ಶಿಕ್ಷಾ, ಅನುಭವಿಸಿದವರಿಗೇ ಗೊತ್ತು. ಸುಟ್ಟ ಬದನಿಕಾಯಿ ಕಣ್ಣಿಗೆ ಕೆಸರಿನಂಗ ಕಾಣ್ತದ. ಮುಂಜಾನೆ ಬಿಸಲು ಕಾಕೂನ ಗ್ಯಾಲರಿಗೆ ಬರೂದನ್ನ ಕಾದು, ಗ್ರಿಲ್ಲಿನ ನೆರಳು ಬೀಳಬಾರದಂತ ಬಿಳೇ ಪಂಜದ ಅರಿವಿ ಕಟ್ಟಿ, ಇನ್ನೊಂದು ಬಾಜೂಕ ಥರ್ಮಾಕೋಲ್ ನಿಲ್ಲಿಸಿ ಬೆಳಕು ತಿರುಗಿಸಿದೆ. ಭರ್ತದ ಮ್ಯಾಲ ಎಣ್ಣಿ ಸವರಿದೆ. ಹಸಿರು ತಪ್ಪಲಾ ಹೆಚ್ಚಿ ಹಾಕಿದ್ರ ಬಾಡ್ತದ, ಥಣ್ಣೀರಿನಾಗ ಇಟ್ಟು ಕಡೀಕ ಹಾಕಿದೆ. ಬಾಜೂಕ ಮಸಾಲಿ ಪಾಕೀಟು, ಅದರ ಹೆಸರು ಸ್ವಚ್ಛ ಓದೂಹಂಗ. ಕಂಪನಿಯವರ ಹಟ ಏನಂದ್ರ ಮಸಾಲಿ ನಾಲ್ಕು ದೊಡ್ಡ ಚಮಚ ಬೀಳಬೇಕು, ಕೆಂಪಗ ಕಾಣಬೇಕು. ಹಾಕಿದೆ. ಉಪ್ಪು ನನ್ನ ಕೈ ಅಳತಿ, ಯಾವಾಗ್ಲೂ ಹಸಿಮೆಣಸಿನಕಾಯಿ ಭರ್ತಕ್ಕ ಹಾಕೂವಷ್ಟು.

ತಿಂದು ನೋಡೋರು ಯಾರು? ನಾನಿಲ್ಲ, ನಮ್ಮನಿಯವರಿಲ್ಲ, ಅತ್ತಿಯವರಿಲ್ಲ. ಈ ವ್ರತ ಇಲ್ಲದ ಕಾಕೂಗ ಒಂದು ವಾಟಿ ತುಂಬ ಕೊಟ್ಟೆ. ಪುಣೆಯೊಳಗ ಮಂದಿಗೆ ಚಹಾದೊಳಗ ಸಕ್ಕರಿ ಒಂದು ಹರಳು ಹೆಚ್ಚಾದ್ರೂ ಮಾರಿ ಮ್ಯಾಲ ಹೇಳೂ ರೂಢಿ ಅದ. ಅದಕ್ಕ ನನಗ ಧೈರ್ಯ. ಸಂಜಿಕ ಕಾಕೂ ವಾಟಿ ತೊಳದು ತಂದು ಕೊಟ್ಟು, "ಛಾನ್ ಝಾಲಂ ಹೋತಂ" ಅಂದ್ರು. ಛಲೋ ಆಗಿತ್ತಂತ. ಮುಗೀತು, ನಾ ಬರದು ಕಳಿಸಿದೆ.

ಉಪ್ಪಿನ ಮುಂದ ನಾ ಬರದದ್ದು "ರುಚಿಗೆ ತಕ್ಕಷ್ಟು". ಮ್ಯಾನೇಜರ್ ವಾಪಸ್ ಕಳಿಸಿದ.

"ಮ್ಯಾಮ್, ರುಚಿಗೆ ತಕ್ಕಷ್ಟು ಅಂದ್ರೆ ಸಿಸ್ಟಮ್ ತಗೊಳಲ್ಲ. ರೆಸಿಪಿ ಕಾರ್ಡಲ್ಲಿ ನಂಬರ್ ಇರಲೇಬೇಕು. ಇಲ್ಲಾಂದ್ರೆ ಸರ್ಚಲ್ಲಿ ಬರಲ್ಲ."

"ಉಪ್ಪಿಗೆ ಎಂಥಾ ನಂಬರ್ರೀ?"

"ಅಂದಾಜಲ್ಲಿ ಒಂದು ಕೊಡಿ ಮ್ಯಾಮ್."

ಒಂದು ದೊಡ್ಡ ಚಮಚ ಅಂತ ಕೊಟ್ಟೆ. ಅದು ಕಾರ್ಡಿನೊಳಗ ಕೂತು ಲೈವ್ ಆತು, ಫೋಟೋ ಭಾರಿ ಬಂದಿತ್ತು, ಎಲ್ಲಾರೂ ಹೊಗಳಿದ್ರು.

ದೀಪಾವಳಿ ದಾಟಿ ಕಮೆಂಟ್ ಬರಾಕ ಹತ್ತಿದ್ವು. ಅದರಾಗ ಒಂದು ಇಲ್ಲೇ ಪುಣೆ ಕಡಿ ಶಿರೂರಿನ ಹುಡುಗೀದು. ಇಮೇಲ್ ಇನ್ನೂ ಇಟ್ಟೀನಿ. ಹಿಂಗಿತ್ತು: "ಅಕ್ಕಾರ, ನನ್ನ ತವರುಮನಿ ಅಥಣಿ ಕಡಿ. ಶಿರೂರಿಗೆ ಮರಾಠಿ ಮಾತಾಡೋ ಮನಿಗೆ ಕೊಟ್ಟಾರ. ಈ ಸಲ ಚಂಪಾಷಷ್ಠಿ ನೈವೇದ್ಯ ನನಗ ಒಪ್ಪಿಸ್ಯಾರ. ನಾಗರಪಂಚಮಿಗೆ ನಾ ಮಾಡಿದ ಕಡಬು ನೀರಾಗ ಒಡದವಂತ ಇವತ್ತಿಗೂ ಬಂದವರ ಮುಂದ ಹೇಳಿ ನಗ್ತಾರ. ಈ ಸಲ ಹಂಗ ಆಗಬಾರದು. ನೀವು ಹೆಂಗ ಬರದೀರಿ ಹಂಗ ಮಾಡ್ತೀನಿ, ಒಂದು ಚಮಚ ಅತ್ತಿತ್ತ ಮಾಡಂಗಿಲ್ಲ. ಜೇಜುರಿಗೆ ಹೋಗೋ ಮಂದಿ ಎಲ್ಲಾ ನಮ್ಮಲ್ಲೆ ಉಂಡು ಹೋಗ್ತಾರ. ಎಸ್ಟಿ ಬಸ್ ಸ್ಟ್ಯಾಂಡ್ ಎದುರಿಗೆ ನಮ್ಮ ಮಾವನವರ ಕಾಳಿನ ಅಂಗಡಿ, ಹಿಂದ ಮನಿ. ನೀವೂ ಬರ್ರಿ."

ಓದಿ ನನಗ ಎಷ್ಟು ಹಿಗ್ಗು ಆತಂದ್ರ ಅತ್ತಿಯವರಿಗೆ ಓದಿ ತೋರಿಸಿದೆ, ನಮ್ಮನಿಯವರಿಗೆ ಓದಿ ತೋರಿಸಿದೆ. ಅಡಗಿ ಬರಿಯೂದು ಇದರ ಸಲುವಾಗೇ ಅಲ್ಲೇನು ಅಂತ ಅನಿಸ್ತು.

ಹಬ್ಬ ಇನ್ನೇನು ಬಂತು ಅನ್ನೂವಾಗ ಇನ್ನೊಂದು ಬಂತು. ಸೋಲಾಪುರದ ಒಬ್ಬ ಹೆಣ್ಣುಮಗಳು, ವ್ರತ ಗಿತ ಇಲ್ಲದಾಕಿ, ಮಾಡಿ ತಿಂದಿದ್ಲು. "ಇಡೀ ಗುಂಡಗಿ ಎಮ್ಮಿ ಮುಂದ ಇಟ್ಟೆ, ಎಮ್ಮೀನೂ ಮೂಸಿ ಬಿಡ್ತು. ಉಪ್ಪು ಬರದಾಕಿ ತಲಿ ನೆಟ್ಟಗದ ಏನು?" ಅಂತ ಬರದಿದ್ಲು.

ಮೊದಲ ನನಗ ಆಕೀ ಮ್ಯಾಲೇ ಸಿಟ್ಟು ಬಂತು. ಎಲ್ಲೆ ಚಮಚ ಬಿಟ್ಟು ಸೌಟಿಲೆ ಹಾಕ್ಯಾಳೋ ಅಂದ್ಕೊಂಡೆ. ಆದ್ರ ಮನಸ್ಸಿನಾಗ ಹುಳ ಹೊಕ್ಕಿತ್ತು. ಕಾಕೂನ ಬಾಗಲಾ ಬಡದೆ. ಕಾಕೂ, ಆ ಭರ್ತದಾಗ ಉಪ್ಪು ಬರೋಬರಿ ಇತ್ತಲ್ಲಾ ಅಂತ ಮರಾಠಿಯೊಳಗ ಕೇಳಿದೆ. ಕಾಕೂ ಅಂದದ್ದನ್ನ ಈಗ ನೆನಸಿಕೊಂಡ್ರೂ ನಗಬೇಕೋ ಅಳಬೇಕೋ ತಿಳೀವಲ್ದು. ಅವರಿಗೆ ಬಿಪಿ ಅಂತ, ಡಾಕ್ಟರು ಉಪ್ಪು ಬಂದ್ ಮಾಡ್ಯಾರಂತ. ಮನಿಯೊಳಗ ಎಲ್ಲಾ ಸಪ್ಪಗ. ನಾ ಕೊಟ್ಟ ಭರ್ತ ಒಂದೀಟ ಒಂದೀಟ ಸಪ್ಪನ ಅನ್ನಕ್ಕ, ಮೊಸರಿಗೆ ಕಲಿಸಿಕೊಂಡು ಎಷ್ಟೋ ದಿನದ ಮ್ಯಾಲ ರುಚಿ ಕಂಡ್ರಂತ. ಅದಕ್ಕ ಛಾನ್. ಪುಣೆ ತುಂಬ ತಪ್ಪು ಹುಡುಕೋ ನಾಲಿಗಿ ಇರುವಾಗ ನಾ ಹುಡುಕಿ ಹುಡುಕಿ ಉಪ್ಪು ಬಿಟ್ಟ ನಾಲಿಗೀನ ನಂಬಿದ್ದೆ.

ತಕ್ಷಣ ಮ್ಯಾನೇಜರಗ ಫೋನ್ ಹಚ್ಚಿದೆ, ಎತ್ತಲಿಲ್ಲ. ಕಮೆಂಟಿನ ಕೆಳಗ ಶಿರೂರಿನ ಹುಡುಗಿಗೆ ಉತ್ತರ ಬರದೆ, "ಪರಿಶೀಲನೆಯಲ್ಲಿದೆ" ಅಂತ ತೋರಿಸಿ ಕೂತ್ಕೊಂಡ್ತು. ಸೈಟು ನೋಡಿದ್ರ ಸೋಲಾಪುರದಾಕೀ ಕಮೆಂಟ್ ಇಲ್ಲವೇ ಇಲ್ಲ. ಹೊಗಳಿದವು ಎಲ್ಲಾ ಅವ, ಬೈದದ್ದು ಒಂದೂ ಇಲ್ಲ. ಆವಾಗ ನನ್ನ ನೆತ್ತಿ ಕಾದದ್ದು.

ಸೀದಾ ಅವರ ಆಫೀಸಿಗೆ ಹೋದೆ. ನಮ್ಮನಿಯಿಂದ ದೂರ ಏನಿಲ್ಲ, ಆದ್ರ ಹಡಪಸರದ ಟ್ರಾಫಿಕ್ಕಿನಾಗ ರಿಕ್ಷಾ ಹೆಜ್ಜಿ ಕಿತ್ತು ಇಡವಲ್ದು, ಕೂತಲ್ಲೇ ಕುದ್ದೆ. ಮ್ಯಾನೇಜರ್ ಗಾಜಿನ ರೂಮಿನೊಳಗ ಕೂಡಿಸಿ ಕಾಫಿ ತರಿಸಿದ.

"ಉಪ್ಪಿನ ನಂಬರ್ ತಪ್ಪದ. ಈಗಿಂದೀಗ ಬದಲು ಮಾಡ್ರಿ" ಅಂದೆ.

"ಮ್ಯಾಮ್, ಪೋಸ್ಟ್ ಫ್ರೀಜ್ ಆಗಿದೆ. ಕ್ಲೈಂಟ್ ಅಪ್ರೂವ್ ಮಾಡಿರೋದು. ಹಬ್ಬ ಮುಗಿಯೋವರೆಗೂ ಒಂದು ಕಾಮಾ ಕೂಡ ಮುಟ್ಟೋ ಹಾಗಿಲ್ಲ."

"ಅವರ ಮಸಾಲಿಯೊಳಗೇ ಉಪ್ಪು ಇರಬೇಕ್ರೀ. ಮ್ಯಾಲ ಇನ್ನೊಂದು ಚಮಚ ಅಂದ್ರ ಮಂದಿ ತಿನ್ನೂದು ಹೆಂಗ?"

"ಅದನ್ನ ನಾವು ಹೇಳೋಕಾಗಲ್ಲ ಮ್ಯಾಮ್. ಉಪ್ಪು ಕಮ್ಮಿ ಮಾಡಿ ಅಂತ ಹಾಕಿದ್ರೆ ಕ್ಲೈಂಟ್ ಮಸಾಲೇಲಿ ಉಪ್ಪು ಜಾಸ್ತಿ ಅಂತ ಅರ್ಥ ಆಗುತ್ತೆ."

"ಅರ್ಥ ಅಲ್ರೀ, ಖರೇನ ಹಂಗ ಅದ."

ಅವ ಖುರ್ಚಿಗೆ ಆತು ಕೂತು, ಭಾಳ ಶಾಂತ ಕೇಳಿದ. "ನೀವೇ ಟೇಸ್ಟ್ ಮಾಡಿದ್ರಾ ಮ್ಯಾಮ್?"

ವ್ರತದ್ದು ಅವನಿಗೆ ಗೊತ್ತಿತ್ತು. ಇಂಟ್ರೋದೊಳಗ ನಾನೇ ಬರದಿದ್ದೆ, ಅವನೇ ಬರೀರಿ ಅಂದಿದ್ದ. ಗೊತ್ತಿದ್ದೇ ಕೇಳಿದ್ದ. "ಯಾರೋ ಒಬ್ರು ಕಮೆಂಟ್ ಹಾಕಿದ್ರು ಅಂತ ಚೇಂಜ್ ಮಾಡೋಕಾಗುತ್ತಾ?" ಅಂದ. ಹೋಗ್ಲಿ, ಆ ಶಿರೂರಿನ ಹುಡುಗಿ ಇಮೇಲರೆ ಕೊಡ್ರಿ, ನಾನೇ ಬರೀತೀನಿ ಅಂದೆ. ರೀಡರ್ ಡೀಟೇಲ್ಸ್ ಕೊಡೋಕೆ ಬರಲ್ಲ, ಪ್ರೈವಸಿ ಇಶ್ಯೂ ಅಂದ. ಬೈದವರ ಕಮೆಂಟ್ ಮುಚ್ಚಿಡಾಕ ಬರ್ತದ, ಒಂದು ಹೆಣ್ಣುಮಗಳ ಮರ್ಯಾದಿ ಉಳಸಾಕ ಮಾತ್ರ ಇವರಿಗೆ ಕಾಯದೇ ನೆನಪಾಗ್ತದ. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಮನಿಗೆ ಬಂದು ಅತ್ತಿಯವರ ಮುಂದ ಎಲ್ಲಾ ಕಾರಿಕೊಂಡೆ. ಅವರು ಅವಲಕ್ಕಿ ಆರಸ್ಕೋತ ಕೂತಿದ್ರು. ಪೂರಾ ಕೇಳಿ, "ಆ ಶಿರೂರಿನ ಪೋರಿ ಉಪ್ಪು ಎಷ್ಟು ಹಾಕಬೇಕಂತ ಈಗ ಹೇಳ್ತಿ?" ಅಂದ್ರು.

"ಕಡಿಮಿ ಹಾಕು ಅಂತೀನಿ."

"ಕಡಿಮಿ ಅಂದ್ರ ಎಷ್ಟು?"

ನನಗ ಗೊತ್ತಿರಲಿಲ್ಲ. ಅರ್ಧ ಚಮಚೋ, ಚಿಟಿಕಿಯೋ, ಏನೂ ಬ್ಯಾಡೋ. ತಿಂದವರಿಗೆ ಗೊತ್ತು. ಮೊದಲ ಸಲ ಅಂದಾಜು ಹೇಳಿ ಇಷ್ಟಾಗ್ಯದ, ಇನ್ನೊಂದು ಅಂದಾಜು ತಗೊಂಡು ಹೋಗಲೇನು?

ಅತ್ತಿಯವರು ಎದ್ರು. ಸೆರಗು ಮೂಗಿಗೆ ಹಿಡಕೊಂಡು ನನ್ನ ಹಿಂದ ಕಾಕೂನ ಅಡಗಿಮನಿ ಹೊಸ್ತಿಲ ತನಕ ಬಂದು ನಿಂತ್ರು. ವ್ರತದ ದಿನದಾಗ ಉಳ್ಳಾಗಡ್ಡಿ ವಾಸನಿ ಬಂದ್ರ ಲಿಫ್ಟು ಬಿಟ್ಟು ಮೆಟ್ಟಲ ಹತ್ತಿ ಬರೋ ಹೆಣ್ಣುಮಗಳು ಅವರು. ಸೈಟಿನೊಳಗ ಇದ್ದಂಗ, ಆ ಪಾಕೀಟಿನ ಮಸಾಲಿ ನಾಲ್ಕು ಚಮಚ, ಉಪ್ಪು ಒಂದು ಚಮಚ ಹಾಕಿ ಭರ್ತ ಮಾಡಿದೆ. ಚಮಚ ಎತ್ತಿದೆ. ಕೈ ಅಲ್ಲೇ ನಿಂತು ಬಿಡ್ತು. ಖರೇ ಹೇಳ್ತೀನಿ, ಅಂಜಿಕಿ ಬಂತು.

"ಯಾಕ ನಿಂತಿ?" ಅಂದ್ರು ಅತ್ತಿಯವರು. "ಬರದಿ. ಜನಾ ಮಾಡಾಕ ಹತ್ಯಾರ. ಈಗ್ಯಾಕ ಸೋಗು? ತಿಂದು ನೋಡು. ಮಲ್ಲಯ್ಯಗ ನಾ ಹೇಳ್ತೀನಿ."

ತಿಂದೆ. ಥೂ, ಎಂಥಾ ಉಪ್ಪು ಅದು. ನಾಲಿಗಿ ಸುಟ್ಟಂಗಾಗಿ ಕಣ್ಣಾಗ ನೀರು ಬಂತು. ಕಡಬು ಒಡದದ್ದಕ್ಕ ಇನ್ನೂ ನಗೋ ಮನಿಯೊಳಗ, ಊರ ಮಂದಿ ಪಂಕ್ತಿಗೆ ಇದನ್ನ ಬಡಸ್ತಾಳ ಆಕಿ ಅಂತ ನೆನಸ್ಕೋತ ಗುಂಡಗಿ ಬಾಜೂಕ ಸರಿಸಿದೆ. ಬಾಯಿ ತೊಳದು ಇನ್ನೊಂದು ಸಲ ಮಾಡಿದೆ, ಉಪ್ಪು ಒಂದು ಹರಳು ಹಾಕದ. ತಿಂದೆ. ಬರೋಬರಿ ಇತ್ತು. ಅಂದ್ರ ಮೊದಲ ಹಾಕೋ ಗರಜೇ ಇರಲಿಲ್ಲ, ಎಲ್ಲಾ ಆ ಪಾಕೀಟಿನೊಳಗೇ ಇತ್ತು.

ಮನಿಗೆ ಬಂದ ಮ್ಯಾಲ ಅತ್ತಿಯವರು ದೇವರ ಮುಂದ ದೀಪಾ ಹಚ್ಚಿ, ಬೀಗರ ಜೋಡಿ ಮಾತಾಡಿದಂಗ ಮಾತಾಡಿದ್ರು. "ನಮ್ಮ ಸೊಸಿ ತಿಂದಾಳ. ನಾ ನಿಂತು ತಿನಿಸೀನಿ. ಏನರೆ ಅನ್ನೂದಿದ್ರ ನನಗ ಅನ್ನು, ಆಕೀಗ ಅನಬ್ಯಾಡ." ದೇವರ ಮುಂದಿನ ಭಂಡಾರದ ಅರಿಷಿಣ ತಗೊಂಡು ನನ್ನ ಹಣಿಗೆ ಒತ್ತಿ ಹಚ್ಚಿದ್ರು.

ಮ್ಯಾನೇಜರಗ ಫೋನ್ ಮಾಡಿ, ನೀವು ಕೇಳಿದ್ರಲ್ಲಾ, ಈಗ ತಿಂದು ನೋಡೀನಿ, ಬದಲು ಮಾಡ್ರಿ ಅಂದೆ. "ಗುಡ್ ಮ್ಯಾಮ್. ಹಬ್ಬ ಆದ್ಮೇಲೆ ಖಂಡಿತ ಅಪ್‌ಡೇಟ್ ಮಾಡೋಣ" ಅಂದ. ಹಬ್ಬದ ಅಡಗಿ ಹಬ್ಬ ಆದಮ್ಯಾಲ ತಿದ್ದತಾನಂತ. ನನ್ನ ಬಾಯಿಂದ ಬಂದ ಮಾತು ಇಲ್ಲೆ ಬರಿಯೂಹಂಗ ಇಲ್ಲ, ಬೆಳಗಾವಿ ಕಡಿಯವರು ತಿಳಕೊಳ್ರಿ.

ಮರುದಿನ ಮುಂಜಾನೆ ಶಿರೂರಿಗೆ ಹೊಂಟು ನಿಂತೆ, ಹಬ್ಬಕ್ಕ ಒಂದ ದಿನ ಉಳದಿತ್ತು. ನಮ್ಮನಿಯವರು "ಒಂದು ಕಮೆಂಟಿನ ಸಲುವಾಗಿ ಶಿರೂರಿಗೆ ಹೋಗ್ತಿಯೇನು? ಹುಚ್ಚು ಹಿಡದದ ಏನು?" ಅಂದ್ರು. ಹೌದು, ಹಿಡದದ ಅಂದೆ. ಖರಾಡಿ ಬೈಪಾಸಿಗೆ ಹೋಗಿ ನಗರ ರೋಡಿನ ಎಸ್ಟಿ ಹತ್ತಿದೆ. ವಾಘೋಲಿ ದಾಟೂ ತನಕ ಬಸ್ಸು ತೆವಳ್ತು. ಕೂತಲ್ಲೇ ಫೋನ್ ತಗದು ಕನ್ನಡ ಸಂಘದ ಗ್ರೂಪು, ಬೀಗರ ಗ್ರೂಪು, ಸೊಸೈಟಿ ಗ್ರೂಪು, ಇದ್ದಬದ್ದ ಎಲ್ಲಾದರಾಗ ಬರದೆ: ನನ್ನ ಹೆಸರಿನ ಮ್ಯಾಲ ಇರೋ ಭರ್ತದ ರೆಸಿಪಿಯೊಳಗ ಉಪ್ಪು ತಪ್ಪದ, ಆ ಮಸಾಲಿ ಹಾಕಿದ್ರ ಉಪ್ಪು ಹಾಕಲೇಬ್ಯಾಡ್ರಿ, ಎಲ್ಲಾರಿಗೂ ಕಳಸ್ರಿ. ಇದನ್ನ ಕಂಪನಿಯವರು ನೋಡ್ತಾರಂತ ಗೊತ್ತಿತ್ತು, ನೋಡ್ಲಿ ಅಂದೆ. ಆದ್ರ ಆ ಹುಡುಗಿ ಇದ್ದದ್ದು ನನ್ನ ಯಾವ ಗ್ರೂಪಿನಾಗೂ ಅಲ್ಲ.

ಶಿರೂರಿನಾಗ ಸ್ಟ್ಯಾಂಡ್ ಎದುರಿಗೆ ಕಾಳಿನ ಅಂಗಡಿ ಸಿಕ್ಕಿತು. ಗಲ್ಲೇದ ಮ್ಯಾಲ ಆಕೀ ಮಾವ. ಅಲ್ಲೆ ನಿಂತ ಮ್ಯಾಲ ನನಗ ಹೊಳೀತು, ನಾ ಏನಂತ ಹೇಳೂದು? ನಿಮ್ಮ ಸೊಸಿ ಮೊಬೈಲ್ ನೋಡಿ ನೈವೇದ್ಯ ಮಾಡಾಕ ಹತ್ಯಾಳ, ಅದೂ ತಪ್ಪದ ಅಂತನೇ? ಉಳಸಾಕ ಬಂದು ನಾನೇ ಕೆಡಿಸಿದಂಗಾಗ್ತದ. ಸೊಸಿ ತವರುಮನಿ ಕಡಿಯಾಕಿ, ಅಥಣಿಯಿಂದ ಜೇಜುರಿಗೆ ಹೊಂಟೀನಿ, ಭೆಟ್ಟಿ ಆಗಿ ಹೋಗೋಣಂತ ಬಂದೆ ಅಂತ ಮರಾಠಿಯೊಳಗ ಸುಳ್ಳು ಬಿಟ್ಟೆ. "ಯಾ ಯಾ", ಬರ್ರಿ ಬರ್ರಿ ಅಂತ ಅವರು ಒಳಗ ಕಳಿಸಿದ್ರು.

ಪಡಸಾಲ್ಯಾಗ ಆಕೀ ಅತ್ತಿ ಸಜ್ಜಿ ಹಸನು ಮಾಡ್ಕೋತ ಕೂತಿದ್ಲು. ಬಾಜೂಕ ಬದನಿಕಾಯಿ ರಾಶಿ. ಹುಡುಗಿ ಒಳಗಿಂದ ಬಂದು ನನ್ನ ನೋಡಿ ಕಕ್ಕಾಬಿಕ್ಕಿ ಆತು. ಎಷ್ಟು ಸಣ್ಣಾಕಿ ಅದಾಳಲ್ಲಾ ಅನಿಸ್ತು.

"ಗುರುತು ಇದ್ದಂಗ ನಗು" ಅಂದೆ ಕನ್ನಡದಾಗ. "ಭರ್ತ ಬರದಾಕಿ ನಾನ. ನೀ ಕರದಿದ್ದಿಯಲ್ಲಾ, ಬಂದೀನಿ."

ಆಕಿ ಶಾಣ್ಯಾ. "ಅಯ್ಯ, ಅಕ್ಕಾರ, ಬರ್ರಿ ಬರ್ರಿ" ಅಂತ ಜೋರಿಲೆ ಅಂದು ಚಾಪಿ ಹಾಸಿದ್ಲು. ಅತ್ತಿ ಎದುರಿಗೇ ಕೂತಿದ್ಲು, ಕನ್ನಡ ಒಂದಕ್ಷರ ಬರೂದಿಲ್ಲ ಆಕೀಗ. ನಾ ತವರುಮನಿ ಸುದ್ದಿ ಹೇಳೂ ಧ್ವನಿಯೊಳಗ ಹೇಳಿದೆ. "ನಗುನಗತ ಕೇಳು. ನಾ ಬರದ ಉಪ್ಪು ತಪ್ಪದ. ಆ ಪಾಕೀಟಿನ ಮಸಾಲಿಯೊಳಗೇ ಉಪ್ಪದ. ಮ್ಯಾಲ ಒಂದು ಹರಳೂ ಹಾಕಬ್ಯಾಡ. ಹಾಕಿದ್ಯೋ, ಒಬ್ಬರೂ ಎರಡನೇ ತುತ್ತು ಎತ್ತಂಗಿಲ್ಲ."

ಆಕೀ ನಗಿ ಹಂಗ ಇತ್ತು, ಕಣ್ಣು ಮಾತ್ರ ನನ್ನ ಮ್ಯಾಲೇ ನಿಂತ್ವು. ಸಾವಕಾಶ ಅಂದ್ಲು. "ತಿಂದು ನೋಡೇ ಬರದಿರ್ತೀರಿ ಅಂತ ತಿಳಕೊಂಡಿದ್ದೆ, ಅಕ್ಕಾರ. ನಮಗಂತೂ ನೋಡಾಕ ಬರಂಗಿಲ್ಲಲ್ಲಾ."

ಬೈಲಿಲ್ಲ ಆಕಿ. ಬೈದಿದ್ರ ಛಲೋ ಇತ್ತು. ಗಾಜಿನ ರೂಮಿನಾಗ ಅವ ಅದನ್ನೇ ಕೇಳಿದ್ದ, ಅವತ್ತು ಸಿಟ್ಟು ಬಂದಿತ್ತು. ಈಕಿ ಅಂದಾಗ ಸಿಟ್ಟಿಗೆ ಜಾಗಾನೇ ಉಳೀಲಿಲ್ಲ. ಆವಾಗ ನೋಡಿರಲಿಲ್ಲ, ಈಗ ನೋಡಿ ಬಂದೀನಿ ಅಂತಷ್ಟ ಹೇಳಿದೆ.

ಏನಂತ ಹೇಳಾಕ ಹತ್ಯಾಳ ಅಂತ ಅತ್ತಿ ಮರಾಠಿಯೊಳಗ ಕೇಳಿದ್ಲು. ಅವ್ವಗ ಆರಾಮ ಅದ ಅಂತ ಹೇಳಿ ಕಳಿಸ್ಯಾಳ ಅಂದ್ಲು ಹುಡುಗಿ. ಚಹಾ ಕುಡದು, ನನ್ನ ನಂಬರ್ ಆಕೀಗ ಕೊಟ್ಟು, ಸಂಜಿ ಎಸ್ಟಿಗೆ ತಿರುಗಿ ಬಂದೆ.

ಚಂಪಾಷಷ್ಠಿ ದಿನ ನಮ್ಮನಿಯೊಳಗ ಅತ್ತಿಯವರ ಹಸಿಮೆಣಸಿನಕಾಯಿ ಭರ್ತ ಆತು. ನೈವೇದ್ಯ ಮುಗದು ಊಟಕ್ಕ ಕೂತಾಗ ಶಿರೂರಿನಿಂದ ಮೆಸೇಜ್ ಬಂತು: "ಎಲ್ಲಾರೂ ಮತ್ತ ಹಾಕಿಸಿಕೊಂಡ್ರು. ಅತ್ತಿ ಏನೂ ಅನ್ನಲಿಲ್ಲ." ಆ ಮನಿಯೊಳಗ ಏನೂ ಅನ್ನಲಿಲ್ಲ ಅಂದ್ರ ದೊಡ್ಡ ಮಾತು. ಅದರ ಹಿಂದಿಂದನ ಇಮೇಲ್ ಶುರುವಾದ್ವು. ವ್ರತ ಹಿಡದು, ರುಚಿ ನೋಡದ, ನನ್ನ ನಂಬರನ್ನ ನಂಬಿ ಮಾಡಿದವರವು. ದೇವರಿಗೆ ಉಪ್ಪಿನ ಮುದ್ದಿ ತೋರಿಸಿದಂಗಾತು ಅಂತ ಒಬ್ಬಾಕಿ. ಮಂದಿ ಎಲಿ ಬಿಟ್ಟು ಎದ್ದರಂತ ಇನ್ನೊಬ್ಬಾಕಿ. ಅವರೆಲ್ಲಾರ ಮನಿಗೆ ನಾ ಎಸ್ಟಿ ಹತ್ತಿ ಹೋಗಾಕ ಆಗಿರಲಿಲ್ಲ. ಸೈಟಿನ ಮ್ಯಾಲ ಒಂದೂ ಕಾಣಲಿಲ್ಲ. ಮರುದಿನ ಮ್ಯಾನೇಜರ್ ಬರದ: "ಕಂಗ್ರಾಟ್ಸ್ ಮ್ಯಾಮ್, ಈ ವರ್ಷದ ಟಾಪ್ ಪೋಸ್ಟ್! ಗ್ರೂಪಲ್ಲಿ ಹಾಕಿದ್ದನ್ನ ಕ್ಲೈಂಟ್ ನೋಡಿಲ್ಲ, ನಾನು ಮ್ಯಾನೇಜ್ ಮಾಡ್ತೀನಿ. ಸಂಕ್ರಾಂತಿಗೆ ಎಳ್ಳು ಹೋಳಿಗೆ, ನೆಕ್ಸ್ಟ್ ವೀಕ್ ಕೊಡ್ತೀರಾ?"

ಕೊಡಂಗಿಲ್ಲ, ನನ್ನ ಬರಹ ಎಲ್ಲಾ ತಗೀರಿ ಅಂತ ಬರದೆ. ತಗೀಲಿಲ್ಲ. ಸೈಟು ಅವರದು, ಹೆಸರು ಅವರದು. ಇವತ್ತಿಗೂ ಆ ಫೋಟೋ ಅಲ್ಲೇ ಅದ, ನಾ ಬಿಸಲು ಕಾದು ತಗದದ್ದು. ಅದರ ಕೆಳಗ ಉಪ್ಪು ಒಂದು ದೊಡ್ಡ ಚಮಚ ಅಂತ ಅಲ್ಲೇ ಅದ. ಹಬ್ಬ ಆದ್ಮೇಲೆ ಅಂದಿದ್ದನಲ್ಲಾ, ಎಂದೋ ಆಗಿ ಹೋತು ಹಬ್ಬ. ಈ ವರ್ಷನೂ ಯಾರೋ ಅದನ್ನ ನೋಡಿ ಮಾಡ್ತಾರ. ನೆನಸಿದ್ರ ಊಟ ಸೇರೂದಿಲ್ಲ.

ನಾ ಹೊಸಾ ಬ್ಲಾಗು ಮಾಡೀನಿ. ದಿಕ್ಕಿಲ್ಲದಂಗ ಸಣ್ಣದು, ಸರ್ಚಿನೊಳಗ ಎಲ್ಲೂ ಸಿಗೂದಿಲ್ಲ, ಪಾಸ್‌ವರ್ಡ್ ಮಾತ್ರ ನನ್ನ ತಲಿಯೊಳಗ ಅದ. ಅದರಾಗ ಮೊದಲ ಹಾಕಿದ್ದು ಅತ್ತಿಯವರ ಭರ್ತ. ಚಂಪಾಷಷ್ಠಿ ಆಗಿ, ನಾವೆಲ್ಲಾ ಉಂಡು, ಮತ್ತೊಂದು ಸಲ ಮಾಡಿ ಉಂಡು, ಆಮ್ಯಾಲ ಹಾಕಿದ್ದು. ಆ ವರ್ಷದ ಹಬ್ಬಕ್ಕ ಯಾರಿಗೂ ಉಪಯೋಗ ಆಗಲಿಲ್ಲ, ಆಗದಿದ್ರ ಬಿಡ್ಲಿ. ಉಪ್ಪಿನ ಮುಂದ ರುಚಿಗೆ ತಕ್ಕಷ್ಟು ಅಂತ ಬರದೀನಿ. ಅದರ ಕೆಳಗ ಇನ್ನೊಂದು ಸಾಲು ಅದ: "ನೈವೇದ್ಯಕ್ಕ ಮಾಡೋರು, ರುಚಿ ನೋಡಾಕ ಬರದವರು, ಸಪಾಟ ಒಂದು ಸಣ್ಣ ಚಮಚ ಹಾಕ್ರಿ. ನಿಮ್ಮ ಸಲುವಾಗಿ ನಾ ತಿಂದು ನೋಡೀನಿ."